ಹಾಡುವವರು ಕೇಳುವ ಬಗೆ

ಸಂಗೀತವು ಕಿವಿಗೆ ಸೇರಿದ ವಿಷಯವೆಂದು ಲೋಕವೆಲ್ಲ ಒಪ್ಪಿದೆ. ಹೀಗಿರುವಾಗ, ಊಟವಾದ ಮೇಲೆ ದೀಪವನ್ನಾರಿಸಿ, ಮಸುಕಾದ ಹಳೆಯ ಚಿತ್ರಗಳಲ್ಲಿ ಅಮೆರಿಕದ ಜಾಜ್ ಗಾಯಕಿಯರನ್ನು ನೋಡುತ್ತ ಕುಳಿತುಕೊಳ್ಳುವ ನಮ್ಮನ್ನು ಮನೆಯವರು ಹಾಸ್ಯ ಮಾಡುವುದು ಸಹಜವೇ. “ಹಾಡು ಬೇಕಾದರೆ ಕಣ್ಣು ಮುಚ್ಚಿಕೊಂಡು ಕೇಳಬಾರದೆ? ಮುಖವನ್ನು ನೋಡಿ ಆಗಬೇಕಾದುದೇನು?” ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದು, ಉತ್ತರ ಹೇಳುವುದು ನಮ್ಮ ಕರ್ತವ್ಯ.

ಜಾಜ್ ಹಾಡಿನಲ್ಲಿ ಧಾಟಿಯೂ ಅದರ ಹಿಂದಿನ ಸ್ವರಮೇಳದ ಕ್ರಮವೂ ಮೊದಲೇ ಗೊತ್ತಾಗಿರುತ್ತವೆ. ಮಿಕ್ಕದ್ದೆಲ್ಲ ಆ ಹೊತ್ತಿನಲ್ಲಿಯೇ ಹುಟ್ಟಬೇಕು. ನಮ್ಮ ಸಂಗೀತಗಾರರು ಮನೋಧರ್ಮವೆಂದು ಕರೆಯುವ ಗುಣಕ್ಕೂ ಇದಕ್ಕೂ ಹತ್ತಿರದ ನಂಟುಂಟು. ಗಾಯಕಿ ಒಂದೆರಡು ಸುತ್ತು ಹಾಡಿ ನಿಲ್ಲುತ್ತಾಳೆ; ವಾದ್ಯಗಾರರು ಒಬ್ಬರಾದ ಮೇಲೊಬ್ಬರು ಅದೇ ದಾರಿಯಲ್ಲಿ ತಮ್ಮ ತಮ್ಮ ನಡಿಗೆಯನ್ನು ತೋರಿಸುತ್ತಾರೆ; ಮತ್ತೆ ಆಕೆಯ ಸರದಿ. ಗ್ರಾಮಫೋನ್ ತಟ್ಟೆಯಲ್ಲಿ ಈ ನಡುವಣ ಹೊತ್ತಿನಲ್ಲಿ ಗಾಯಕಿ ಇಲ್ಲವೇ ಇಲ್ಲ. ಚಿತ್ರದಲ್ಲಿಯಾದರೋ ಆಕೆ ಇದ್ದಾಳೆ, ಕೇಳುತ್ತಿದ್ದಾಳೆ.

೧೯೫೭ನೆಯ ಡಿಸೆಂಬರ್ ೮ರಂದು ಅಮೆರಿಕದ ಸಿ. ಬಿ. ಎಸ್. ಸಂಸ್ಥೆಯವರು ‘ದಿ ಸೌಂಡ್ ಆಫ್ ಜಾಜ್’ ಎಂಬ ಕಾರ್ಯಕ್ರಮವನ್ನು ಟೆಲಿವಿಷನ್ನಿನಲ್ಲಿ ನೇರವಾಗಿ ಪ್ರಸಾರ ಮಾಡಿದರು. ಅದರಲ್ಲಿ ಬಿಲ್ಲಿ ಹಾಲಿಡೇ ತಾನೇ ರಚಿಸಿದ ‘ಫೈನ್ ಅಂಡ್ ಮೆಲೋ’ ಎಂಬ ಹಾಡನ್ನು ವಾದ್ಯಗಾರರ ನಡುವೆ ಹಾಡುತ್ತಾಳೆ. ಟೆನರ್ ಸ್ಯಾಕ್ಸೊಫೋನ್ ನುಡಿಸುವ ಲೆಸ್ಟರ್ ಯಂಗ್ ಆಕೆಯ ಹಳೆಯ ಗೆಳೆಯ. ಆಕೆಗೆ ‘ಲೇಡಿ ಡೇ’ ಎಂದು ಹೆಸರಿಟ್ಟವನು. ಆ ದಿನಗಳಲ್ಲಿ ಆತನ ದೇಹದಲ್ಲಿ ತ್ರಾಣವಿರಲಿಲ್ಲ. ಆದರೂ ಸರದಿ ಬಂದಾಗ ಎದ್ದು ನಿಂತು, ೧೨ ಆವರ್ತಗಳ ಒಂದೇ ಸುತ್ತನ್ನು, ಒಂದು ಸ್ವರವನ್ನೂ ದುಂದುಮಾಡದೆ ನುಡಿಸುತ್ತಾನೆ. ಆಗ ಆಕೆಯ ಮುಖವನ್ನು ನೋಡಬೇಕು. ತಲೆ ಮೆಲ್ಲನೆ ತೂಗುತ್ತದೆ. ತುಟಿಯಲ್ಲಿ ಮುಗುಳುನಗೆ ಮೂಡುತ್ತದೆ. ಬಹುಕಾಲದ ಸ್ನೇಹವೆಲ್ಲ ಆ ನೋಟದಲ್ಲಿ ಬಂದು ನಿಲ್ಲುತ್ತದೆ. ೧೯೫೯ರ ಮಾರ್ಚಿಯಲ್ಲಿ ಆತನೂ ಜುಲೈಯಲ್ಲಿ ಆಕೆಯೂ ತೀರಿಕೊಂಡರು. ಆಕೆಗೆ ಆಗ ೪೪ ವರ್ಷ.

ಈ ಚಿತ್ರಕ್ಕೆ ಇನ್ನೊಂದು ಬೆಲೆಯೂ ಉಂಟು. ೧೯೪೭ರಲ್ಲಿ ಮಾದಕವಸ್ತುವಿನ ಮೊಕದ್ದಮೆಯಲ್ಲಿ ಶಿಕ್ಷೆಯಾದ ಮೇಲೆ, ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಗಾನಶಾಲೆಗಳಲ್ಲಿ ಹಾಡಲು ಬೇಕಾದ ಪರವಾನಗಿ ಆಕೆಯ ಕೈತಪ್ಪಿತು. ೧೯೪೮ರಲ್ಲಿ ಕಾರ್ನೆಗಿ ಹಾಲಿನಂತಹ ದೊಡ್ಡ ಸಭಾಂಗಣ ಆಕೆಗಾಗಿ ತುಂಬಿತು. ಆದರೆ ಚಿಕ್ಕ ಕೋಣೆಯಲ್ಲಿ, ಹತ್ತಿರದಿಂದ ಆಕೆಯನ್ನು ಕೇಳುವ ಭಾಗ್ಯ ಆ ಊರಿನವರಿಗೇ ಬಹುಮಟ್ಟಿಗೆ ಇಲ್ಲವಾಯಿತು. ಅವರಿಗೆ ದೊರೆಯದ ಆ ಸಾಮೀಪ್ಯವು ಕ್ಯಾಮರಾದ ದಯೆಯಿಂದ ಇಂದು ನಮಗೆ ದೊರೆತಿದೆ.

ಆದರೆ ಚಿತ್ರವನ್ನೇ ನೆಚ್ಚಿಕೊಂಡು ಮನೆಯಲ್ಲಿಯೇ ಕುಳಿತಿರುವುದು ಸಲ್ಲದು. ಎರಡನೆಯ ಸಲ ನೋಡುವಾಗ ಮುಂದೇನಾಗುವುದೆಂಬುದು ನಮಗೆ ಗೊತ್ತು. ಎದುರಿಗೆ ನಡೆಯುವ ಹಾಡಿನಲ್ಲಿ ಅದು ಗಾಯಕಿಗೂ ಗೊತ್ತಿಲ್ಲ. ೧೯೬೦ರ ಫೆಬ್ರವರಿಯಲ್ಲಿ ಬರ್ಲಿನ್ ನಗರದ ಸಭೆಯೊಂದರಲ್ಲಿ ಎಲಾ ಫಿಟ್ಸ್‌ಜೆರಾಲ್ಡಳಿಗೆ ‘ಮ್ಯಾಕ್ ದಿ ನೈಫ್’ ಹಾಡಿನ ಸಾಹಿತ್ಯವು ನಡುವೆಯೇ ಮರೆತುಹೋಯಿತು. ಆಕೆ ನಿಲ್ಲಲಿಲ್ಲ, ಮರೆತ ಸಂಗತಿಯನ್ನೇ ಮಾತುಮಾಡಿ, ತಾಳ ತಪ್ಪದಂತೆ ಹಾಡಿ ಮುಗಿಸಿದಳು. ಆ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಬಹುಮಾನ ಬಂದಿತು. ಅಂದಿನ ಸಭಿಕರು ಪಟ್ಟ ಆತಂಕವೂ ಅನಂತರದ ಆನಂದವೂ ಮಾತ್ರ ಅವರಿಗೇ ಮೀಸಲು.

ನ್ಯೂಯಾರ್ಕಿನಲ್ಲಿ ೧೯೩೫ರಲ್ಲಿ ತೆರೆದ ವಿಲೇಜ್ ವ್ಯಾನ್‌ಗಾರ್ಡಿನಂತಹ ನೆಲಮಾಳಿಗೆಯ ಗಾನಶಾಲೆಗಳು ಇಂದಿಗೂ ಇವೆ. ಅಂತಹದೊಂದರಲ್ಲಿ ನಾವು ಒಂದು ರಾತ್ರಿ ಕುಳಿತಿದ್ದೆವು. ಹಾಡುತ್ತಿದ್ದ ತರುಣಿ ಇನ್ನೂ ಹೆಸರುಮಾಡಿದವಳಲ್ಲ. ಪಿಯಾನೋ ನುಡಿಸುವವನು ಒಮ್ಮೆ ಯಾರೂ ನೆನೆಯದ ಕಡೆಗೆ ತಿರುಗಿದನು. ತುಟಿಯವರೆಗೆ ಬಂದಿದ್ದ ಮಾತನ್ನು ಆಕೆ ತಡೆದು, ಅವನ ಕಡೆ ನೋಡಿ, ನಕ್ಕು, ಆಮೇಲೆ ಹಾಡಿದಳು. ಹಳೆಯ ಚಿತ್ರವನ್ನು ನೋಡಿರದಿದ್ದರೆ ಆ ಅರೆಕ್ಷಣದ ನೋಟ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ತೀರಿಹೋದವರು ಕಲಿಸಿದ ಪಾಠವನ್ನು ಬದುಕಿರುವವರ ಮುಂದೆ ಕುಳಿತು ಒಪ್ಪಿಸಬೇಕಾಗಿದೆ. ವಾಚಕರಲ್ಲಿ ಯಾರಿಗಾದರೂ ಈ ಗಾನದಲ್ಲಿ ಮನಸ್ಸಾದರೆ ನಮ್ಮ ಸೂಚನೆ ಇಷ್ಟೇ: ಗಾಯಕಿ ಹಾಡುವಾಗ ಬೇಕಾದರೆ ಕಣ್ಣು ಮುಚ್ಚಿಕೊಳ್ಳಿರಿ, ಆಕೆ ಸುಮ್ಮನಾದಾಗ ಮಾತ್ರ ತಪ್ಪದೆ ತೆರೆಯಿರಿ.