ಚೋಟುದ್ದದ ಮೋಟಾರು

ಒಡಹುಟ್ಟಿದವರ ನಡುವೆ ಮುನಿಸು ಬರುವುದು ಸಹಜ. ಅದು ಮಳೆಗಾಲದ ಹಳ್ಳದಂತೆ ಬಂದು ಇಳಿದುಹೋಗಬೇಕಲ್ಲದೆ ಕೆರೆಯಂತೆ ನಿಂತುಬಿಡಬಾರದು. ನಮ್ಮ ಮನೆತನದಲ್ಲಿ ಅದು ಒಂಬತ್ತು ವರುಷ ನಿಂತಿತ್ತು. ಅದರ ತೂಬು ತೆರೆದುದು ಚೋಟುದ್ದದ ಒಂದು ಮೋಟಾರುಗಾಡಿಯೆಂದರೆ ವಾಚಕರು ನಗಬಹುದು. ನಡೆದುದನ್ನು ನಡೆದಂತೆಯೇ ನಿವೇದಿಸುತ್ತೇವೆ.

ನಮ್ಮೂರು ಉಗರಗೋಳ ಯಲ್ಲಮ್ಮನ ಗುಡ್ಡದ ಮಗ್ಗುಲಲ್ಲಿಯೇ ಇದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬಂದವೆಂದರೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳ ಸಾಲು ಮುಗಿಯುವುದೇ ಇಲ್ಲ. ಆ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ನಡೆಯಿಸಿ ಕೊಡುವುದೇ ನಮ್ಮ ಅಣ್ಣನವರ ಕಾಯಕವಾಗಿತ್ತು. ನಾವು ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಹೊಲ ಪಾಲಾದಾಗ ಬಾವಿ ಮಾತ್ರ ಇಬ್ಬರಿಗೂ ಸೇರಿ ಉಳಿಯಿತು. ಒಂದು ಬೇಸಿಗೆಯಲ್ಲಿ ಬಾವಿಯ ಪಂಪಿನ ಮೋಟಾರು ಸುಟ್ಟುಹೋಯಿತು. ನಮ್ಮ ಸರದಿಯಲ್ಲಿ ಸುಟ್ಟಿತೆಂದು ಅವರು, ಅವರ ದುರಸ್ತಿಯೇ ಸರಿಯಿರಲಿಲ್ಲವೆಂದು ನಾವು. ವೈಂಡಿಂಗಿನ ಖರ್ಚಿನ ಮಾತು ಬೆಳೆದು ತಂದೆತಾಯಿಗಳವರೆಗೆ ಹೋಯಿತು. ಸುಟ್ಟ ಮೋಟಾರೂ ಅದರ ಸ್ಟಾರ್ಟರಿನ ಡಬ್ಬಿಯೂ ಅಣ್ಣನವರ ಪತ್ರಾಸಿನ ಶೆಡ್ಡಿನ ಮೂಲೆ ಸೇರಿದವು. ನಾವಿಬ್ಬರೂ ಬೇರೆ ಬೇರೆ ಬೋರು ಕೊರೆಯಿಸಿದೆವು.

ಮುಂದೆ ಅಣ್ಣನವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ಬೆರಳಿಗೆ ವ್ಯಾಯಾಮವಾಗಲೆಂದು ತಾಟಿನಲ್ಲಿ ಜೋಳ ಹರವಿ ಒಂದೊಂದೇ ಕಾಳು ಹೆಕ್ಕಿರೆಂದು ವೈದ್ಯರು ಹೇಳಿದ್ದರಂತೆ. “ನಾ ಏನ ಕೋಳಿ ಏನ?” ಎಂದು ಅವರು ತಾಟನ್ನೇ ತಳ್ಳಿದರೆಂದು ಅತ್ತಿಗೆಯವರು ನಮ್ಮ ಮನೆಯವರ ಮುಂದೆ ಕಣ್ಣೀರು ಹಾಕಿದರು.

ಅದೇ ಹೊತ್ತಿಗೆ ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ಮಗನು ಒಂದು ಪೆಟ್ಟಿಗೆ ತಂದಿದ್ದನು. ಅಮೇರಿಕೆಯ ಫೋರ್ಡ್ ಕಂಪನಿಯ ಮಾಡೆಲ್ ಟಿ ಎಂಬ ಗಾಡಿಯ 1911ರ ರೂಪ, ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಸಿದ್ದು. ಪ್ಲಾಸ್ಟಿಕ್ಕಿನ ಬಿಡಿ ಭಾಗಗಳನ್ನು ಅಂಟಿಸಿ ನಾವೇ ಕಟ್ಟಬೇಕು. “ದೊಡ್ಡಪ್ಪಾರಿಗೆ ಕೊಡೋಣ” ಎಂದನು. ಹೋಗಲು ಕಾಲು ಏಳಲಿಲ್ಲ. ಕಡೆಗೆ ಹೋದೆವು. ಅಣ್ಣನವರು ನಮ್ಮನ್ನು ನೋಡಲಿಲ್ಲ, ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿದರು. “ಇದಕ್ಕ ಕ್ಲಚ್ ಎಲ್ಲೈತಿ?” ಎಂದು ಮಗನನ್ನೇ ಕೇಳಿದರು.

ಅಂದಿನಿಂದ ಪ್ರತಿ ಸಂಜೆ ಅವರ ಪಡಸಾಲೆಯಲ್ಲಿ ಕೂಡುವುದಾಯಿತು. ಮಾತೆಲ್ಲ ಗಾಡಿಯದೇ. 1908ರಿಂದ 1927ರವರೆಗೆ ಈ ಗಾಡಿಗಳು ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದವು. ಚಕ್ಕಡಿಯ ಗಾಲಿಯಂತೆ ಇದರ ಗಾಲಿಗೂ ಕಟ್ಟಿಗೆಯ ಅರಗಳು, ಹನ್ನೆರಡು. ಕಾಲಿನ ಕೆಳಗೆ ಮೂರು ಪೆಡಲ್. ಎಡದ್ದು ಗೇರಿಗೆ, ನಡುವಿನದು ಹಿಂದಕ್ಕೆ ನಡೆಯಿಸಲು, ಬಲದ್ದು ಬ್ರೇಕಿಗೆ. ಪೆಟ್ರೋಲಿನ ಟಾಕಿ ಮುಂದಿನ ಸೀಟಿನ ಕೆಳಗೆ. ಪಂಪು ಇಲ್ಲ, ಎಣ್ಣೆ ತಾನಾಗಿ ಇಳಿದು ಎಂಜಿನ್ನಿಗೆ ಬರಬೇಕು. ಆದುದರಿಂದ ಕಡಿದಾದ ಏರಿನಲ್ಲಿ ಮುಂಭಾಗ ಎತ್ತರವಾದರೆ ಎಣ್ಣೆ ನಿಲ್ಲುತ್ತಿತ್ತು. ಚಾಲಕರು ಗಾಡಿ ತಿರುಗಿಸಿ ಹಿಮ್ಮುಖವಾಗಿ ಏರುತ್ತಿದ್ದರು. ಇದನ್ನು ಓದಿ ಹೇಳಿದಾಗ ಅಣ್ಣನವರು ಬಹುದಿನಗಳ ಮೇಲೆ ನಕ್ಕರು. “ಹಂಗಾರ ನಮ್ಮ ಗುಡ್ಡಕ್ಕ ಇದು ಬೆನ್ನ ಮಾಡಿಕೊಂಡ ಬರ್ತಿತ್ತು!”

1913ರಲ್ಲಿ ಫೋರ್ಡ್ ಕಾರಖಾನೆಯು ಸಾಲುಜೋಡಣೆಯ ಪದ್ಧತಿಯನ್ನು ತಂದ ಮೇಲೆ ಚಾಸಿ ಜೋಡಿಸುವ ಕೆಲಸವು ಹನ್ನೆರಡೂವರೆ ತಾಸಿನಿಂದ ಸುಮಾರು ಒಂದೂವರೆ ತಾಸಿಗೆ ಇಳಿಯಿತು. ನಮಗೆ ನಾಲ್ಕು ತಿಂಗಳು ಹಿಡಿಯಿತು. ಪೆಟ್ಟಿಗೆಯಲ್ಲಿ ಬಂದುದಷ್ಟನ್ನೇ ಅಂಟಿಸಿದ್ದರೆ ಒಂದು ವಾರದ ಕೆಲಸ. ಆದರೆ ಅಣ್ಣನವರ ಕಣ್ಣು ಅಷ್ಟಕ್ಕೆ ತಣಿಯಲಿಲ್ಲ. ಆ ಕಾಲದ ಮುಂದೀಪಗಳು ವಿದ್ಯುತ್ತಿನವಲ್ಲ. ಮೆಟ್ಟಿಲು ಹಲಗೆಯ ಮೇಲಿನ ಡಬ್ಬಿಯಲ್ಲಿ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ ಹುಟ್ಟುವ ಅಸಿಟಿಲಿನ್ ಅನಿಲ ಕೊಳವೆಯಲ್ಲಿ ಹರಿದು ಹಿತ್ತಾಳೆಯ ದೀಪಗಳಲ್ಲಿ ಉರಿಯುತ್ತಿತ್ತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಮೋಟಾರುಗಳನ್ನು ಕಂಡವರಿಗೆ ಹಿತ್ತಾಳೆಯ ಆ ಬೆಡಗು ನೆನಪಿದ್ದೀತು. ನಮ್ಮ ಪೆಟ್ಟಿಗೆಯಲ್ಲಿ ಡಬ್ಬಿಯಿತ್ತು, ದೀಪಗಳಿದ್ದವು, ನಡುವಣ ಕೊಳವೆ ಮಾತ್ರ ಇರಲಿಲ್ಲ.

ನಾವು ಅಂದಕ್ಕೆಂದು ಒಂದು ತಂತಿಯ ತುಂಡನ್ನು ದೀಪಕ್ಕೆ ಅಂಟಿಸಿ ಅದರ ಇನ್ನೊಂದು ತುದಿಯನ್ನು ಹಲಗೆಯ ಕೆಳಗೆ ಮುಚ್ಚಿಟ್ಟೆವು. ಅಣ್ಣನವರು ನೇರವಾಗಿ ನಮಗೇ ಆಡಿದ ಮೊದಲ ಮಾತು ಆಗಲೇ ಬಂದಿತು. “ತಮ್ಮಾ, ಈ ಕೊಳವಿ ಎಲ್ಲಿಂದ ಬಂತು? ಮೊದಲ ಇಲ್ಲದ ಕೊಳವ್ಯಾಗ ಏನ ಹರಿತೈತಿ?”

ಕಾಣದಿದ್ದರೂ ಸರಿಯಾಗಿರಬೇಕೆಂಬುದು ಅವರ ಹಟ. ಅಲ್ಲಿಂದ ಮನೆಯ ಸಾಮಾನುಗಳೆಲ್ಲ ಕೆಲಸಕ್ಕೆ ಬಂದವು. ಸೀಟಿನ ಗುಂಡಿಗಳಿಗೆ ಗಸಗಸೆ ಹೊಂದಿತು; ಒಂದು ಮಿಲಿಮೀಟರಿನ ಕಾಳು ನಿಜದ ಅಳತೆಯಲ್ಲಿ ಇಪ್ಪತ್ನಾಲ್ಕು ಮಿಲಿಮೀಟರಿನ ಗುಂಡಿಯಾಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ನಾಲ್ಕು ವಾಯರುಗಳಿಗೆ ಅತ್ತಿಗೆಯವರ ಹಳೆಯ ಇಳಕಲ್ಲ ಸೀರೆಯ ಸೆರಗಿನ ರೇಷ್ಮೆಯೆಳೆ. ಹಾರ್ನಿನ ರಬ್ಬರು ಗುಂಡಿಗೆ ಏನು ಮಾಡುವುದೆಂದು ನಾವು ಯೋಚಿಸುತ್ತಿರಲು ಅಣ್ಣನವರು ನಡುಗುವ ಬೆರಳುಗಳಿಂದ ತಾಟಿನೊಳಗಿನ ಬಿಳಿಜೋಳದ ಕಾಳೊಂದನ್ನು ಹೆಕ್ಕಿ ಮುಂದೆ ಹಿಡಿದರು. ನಾಲ್ಕು ಮಿಲಿಮೀಟರು, ಸರಿಯಾದ ಅಳತೆ. ಮೂರು ಸಲ ಜಾರಿ ಬಿದ್ದರೂ ನಾಲ್ಕನೆಯ ಸಲ ಅವರೇ ಅದನ್ನು ಹಾರ್ನಿನ ಬುಡಕ್ಕೆ ಕೂರಿಸಿದರು. “ಹುಳ ಬಿದ್ದೀತು, ಮೊದಲ ಮ್ಯಾಲ ಅಂಟ ಬಳಿ. ಆಮ್ಯಾಲ ಕರೀ ಬಣ್ಣ” ಎಂದರು. ಅತ್ತಿಗೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಉಳಿದುದು ಕೊಳವೆ. ಸುಟ್ಟ ಮೋಟಾರಿನ ತಾಮ್ರದ ತಂತಿ ದಪ್ಪವಾಯಿತು. ಲೆಕ್ಕ ಹಾಕಿದರೆ ಹದಿನೇಳು ಮಿಲಿಮೀಟರಿನ ಪೈಪಾಗುತ್ತಿತ್ತು. “ಸ್ಟಾರ್ಟರಿನ ಕಾಯಿಲ್ ಬಿಚ್ಚು, ಅದರ ತಂತಿ ಕೂದಲದಂಗ ಇರ್ತೈತಿ” ಎಂದರು ಅಣ್ಣನವರು.

ಒಂಬತ್ತು ವರುಷದ ಧೂಳು ಒರೆಸಿ ಡಬ್ಬಿಯ ಮುಚ್ಚಳ ತೆಗೆದೆವು. ಅವರು ಒಳಗೆ ಬಹಳ ಹೊತ್ತು ನೋಡಿದರು. ಹೆಚ್ಚು ಕರೆಂಟು ಎಳೆದಾಗ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಇರುತ್ತದಲ್ಲ, ಅದು ಮೇಲಿಂದ ಮೇಲೆ ಬೀಳುತ್ತದೆಂದು ಯಾರೋ ಅದನ್ನು ತಪ್ಪಿಸಿ ಒಂದು ತುಂಡು ತಂತಿ ಕಟ್ಟಿದ್ದರು. “ಯಾರೋ ಅಲ್ಲ, ನಾನ ಕಟ್ಟಿದ್ದೆ. ಮರತಿದ್ದೆ. ಇಲ್ಲ, ಮರತಿರಲಿಲ್ಲ” ಎಂದರು.

ಆಗ ನಾವೂ ಸುಮ್ಮನಿರಲಾಗಲಿಲ್ಲ. ಆ ರಾತ್ರಿ ಮೂರು ಫೇಜಿನಲ್ಲಿ ಒಂದು ಹೋಗಿದ್ದುದು ನಮಗೆ ತಿಳಿದಿತ್ತು. ಗುಡಿಸಲಿನ ದೀಪ ಮಂಕಾಗಿತ್ತು, ಮೋಟಾರು ಗುಂಯ್‌ಗುಡುತ್ತಿತ್ತು. ಇನ್ನೆರಡು ಮಡಿ ನೀರುಂಡರೆ ಸಾಕೆಂಬ ಆಸೆಯಿಂದ ನಾವು ಬಂದು ಮಾಡಲಿಲ್ಲ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಅಂದು ಅಣ್ಣನವರಿಗೆ ಹೇಳಿದೆವು. ಅವರು ಕಟ್ಟಿದ ತಂತಿಯಿಲ್ಲದಿದ್ದರೆ ಮೋಟಾರು ತಾನೇ ನಿಲ್ಲುತ್ತಿತ್ತು. ನಾವು ನಿಲ್ಲಿಸಿದ್ದರೆ ಅವರ ತಂತಿಯಿಂದ ಕೇಡಾಗುತ್ತಿರಲಿಲ್ಲ. ಇಬ್ಬರ ತಪ್ಪೂ ಕೂಡಿಯೇ ಅದು ಸುಟ್ಟಿತ್ತು. ಒಬ್ಬೊಬ್ಬರು ಅರ್ಧರ್ಧ ನಿಜ ಹಿಡಿದುಕೊಂಡು ಒಂಬತ್ತು ವರುಷ ಕಳೆದಿದ್ದೆವು.

ಅಣ್ಣನವರು ಬೇರೇನೂ ಅನ್ನಲಿಲ್ಲ. “ಇಪ್ಪತ್ತ ಸುತ್ತ ಪೆನ್ಸಿಲ್ಲಿಗೆ ಒತ್ತೊತ್ತಿ ಸುತ್ತು, ಅಳಿ” ಎಂದರು. ಇಪ್ಪತ್ತು ಸುತ್ತಿಗೆ ಮೂರು ಮಿಲಿಮೀಟರು ಬಂದಿತು. ಎರಡೆಳೆ ಕೂಡಿಸಿ ಹೊಸೆದರೆ ಬೇಕಾದ ದಪ್ಪ. ಒಂದು ತುದಿಯನ್ನು ಅವರು ಎಡಗೈಯಲ್ಲಿ ಹಿಡಿದರು, ಇನ್ನೊಂದನ್ನು ನಾವು ಹೊಸೆದೆವು. ಡಬ್ಬಿಯಿಂದ ಹೊರಟ ಕೊಳವೆ ಹಲಗೆಯ ಕೆಳಗೆ ಹಾದು, ಮುಂದೆ ಎರಡಾಗಿ ಒಡೆದು, ಎರಡೂ ದೀಪಗಳನ್ನು ಮುಟ್ಟಿತು. ಗಾಡಿಯನ್ನು ಮಗುಚಿ ನೋಡಿದವರಿಗಲ್ಲದೆ ಅದು ಕಾಣದು.

ಈಗ ಆ ಗಾಡಿಯು ಅಣ್ಣನವರ ಪಡಸಾಲೆಯ ಮಾಡಿನಲ್ಲಿ, ಗೋಕಾವಿಯ ಕಟ್ಟಿಗೆಯ ಹಣ್ಣುಗಳ ಬುಟ್ಟಿಯ ಪಕ್ಕದಲ್ಲಿದೆ. ಅಣ್ಣನವರ ಬೆರಳು ಪೂರ್ತಿ ಬಂದಿಲ್ಲ. ಅಂಗಿಯ ಗುಂಡಿಯನ್ನು ಮಾತ್ರ ತಾವೇ ಹಾಕಿಕೊಳ್ಳುತ್ತಾರೆ. ಜಾತ್ರೆಗೆ ಬಂದ ನೆಂಟರ ಮಕ್ಕಳು ಮುಟ್ಟಲು ಕೈಚಾಚಿದರೆ ಗದರುವುದಿಲ್ಲ. ತಾವೇ ಇಳಿಸಿ, ಮಗುಚಿ ಹಿಡಿದು, ಮೊದಲು ಅಡಿಯ ಕೊಳವೆಯನ್ನು ತೋರಿಸುತ್ತಾರೆ.