ಮಾಸ್ತರು, ಕಾಕು ಜೊತೆ ಟೆಕ್ಸಸ್‌ನಲ್ಲಿ ಒಂದು ವಾರ

ಏಪ್ರಿಲ್ 15 ಮುಗಿಯಿತೆಂದರೆ ನನ್ನಂಥ ಲೆಕ್ಕದವರಿಗೆ ಸ್ವಲ್ಪ ಉಸಿರಾಡಲು ಪುರುಸೊತ್ತು. ಈ ಸಲ ಆ ವಾರವನ್ನು ಡಾಲಸ್ ಪಕ್ಕದ ಪ್ಲೇನೋದಲ್ಲಿ ಮಗಳ ಮನೆಯಲ್ಲಿರುವ ಗದಗ ಕಡೆಯ ದಂಪತಿ ಜೊತೆ ಕಳೆದೆ. ಅವರು ನಿವೃತ್ತ ಹೈಸ್ಕೂಲ್ ಮಾಸ್ತರು, ವಯಸ್ಸು 72. ಅವರ ಮನೆಯವರನ್ನು ನಾವೆಲ್ಲ ಕಾಕು ಅಂತೀವಿ. ಇಬ್ಬರಿಗೂ ಕಾರು ಓಡಿಸಲು ಬರುವುದಿಲ್ಲ. ಆದರೂ ಅವರ ವಾರದಲ್ಲಿ ಬಿಡುವಿನ ದಿನ ಹುಡುಕುವುದೇ ಕಷ್ಟ.

ಸೋಮವಾರ ಹಿತ್ತಲ ಕೆಲಸ. ಇಲ್ಲಿಯದು ಕರಿ ಎರೆಮಣ್ಣು. ಮಳೆಗೆ ಅಂಟು, ಬೇಸಿಗೆಗೆ ಬಿರುಕು. "ನಮ್ಮ ಹೊಲದ ಮಣ್ಣ ಇದು" ಅಂತ ಕಾಕು ನಗ್ತಾರೆ. ಹೀರೆ, ಬೆಂಡೆ, ಅಲಸಂದೆ ನೆಲದಲ್ಲಿ. ಕರಿಬೇವು ಮಾತ್ರ ಕುಂಡದಲ್ಲಿ. 2021ರ ಫೆಬ್ರವರಿಯ ಹಿಮಕ್ಕೆ ಹೊರಗಿದ್ದ ಗಿಡ ಸತ್ತುಹೋಯಿತು. ಅಂದಿನಿಂದ ಚಳಿಗಾಲದಲ್ಲಿ ಕುಂಡ ಗ್ಯಾರೇಜಿನೊಳಗೆ.

ಮಂಗಳವಾರ ನಾರ್ತ್ ಟೆಕ್ಸಸ್ ಫುಡ್ ಬ್ಯಾಂಕಿನಲ್ಲಿ ಡಬ್ಬಿ ವಿಂಗಡಿಸುವ ಸೇವೆ. ಕರೆದೊಯ್ಯುವುದು ಪಕ್ಕದ ಮನೆಯವರು. ಇಂಗ್ಲಿಷ್ ಅಷ್ಟಾಗಿ ಬಾರದ ಕಾಕುಗೆ ಅಲ್ಲಿ ಇಬ್ಬರು ಮೆಕ್ಸಿಕನ್ ಗೆಳತಿಯರು. ಭಾನುವಾರ ಮಾಸ್ತರು ಮಕ್ಕಳಿಗೆ ಕನ್ನಡ ಕಲಿಸ್ತಾರೆ.

ಬುಧವಾರ ನನ್ನ ಕಾರಿನಲ್ಲಿ ಆಸ್ಟಿನ್‌ಗೆ ಹೊರಟೆವು. ಸಂಜೆ ಕಾಂಗ್ರೆಸ್ ಅವೆನ್ಯೂ ಸೇತುವೆ ಮೇಲೆ ನಿಂತೆವು. 1980ರಲ್ಲಿ ಸೇತುವೆ ಹೊಸದಾಗಿ ಕಟ್ಟಿದಾಗ ಅಡಿಯಲ್ಲಿ ಉಳಿದ ಸಂದುಗಳಲ್ಲಿ ಬಾವಲಿಗಳು ಸೇರಿಕೊಂಡವು. ಬೇಸಿಗೆಯಲ್ಲಿ ಸುಮಾರು 15 ಲಕ್ಷ ಇರುತ್ತವಂತೆ. ಕತ್ತಲಾಗುತ್ತಲೇ ಹೊಗೆಯಂತೆ ಎದ್ದವು. ಟಿಕೆಟ್ ಇಲ್ಲ.

ಗುರುವಾರ ಹ್ಯೂಸ್ಟನ್. ಕಾರಿಂದ ಇಳಿದ ಕೂಡಲೇ ಮಂಗಳೂರಿನ ಸೆಕೆ. ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದಲ್ಲಿ ದರ್ಶನ. ಮರುದಿನ ನಾಸಾದಲ್ಲಿ 363 ಅಡಿ ಉದ್ದದ ಸ್ಯಾಟರ್ನ್ 5 ರಾಕೆಟ್. ಅಡ್ಡ ಮಲಗಿಸಿದ ಅದರ ಈ ತುದಿಯಿಂದ ಆ ತುದಿಗೆ ಮಾಸ್ತರು ಹೆಜ್ಜೆ ಎಣಿಸುತ್ತ ನಡೆದರು, ಪಾಠ ಮಾಡಲು ಬೇಕಂತೆ.

ವಾಪಸು ಬರುವಾಗ ಎನ್ನಿಸ್ ಊರಿನ ಹತ್ತಿರ ಬ್ಲೂಬಾನೆಟ್ ಹೂವಿನ ಬಯಲು ನೋಡಲು ನಿಂತೆವು. ಅಲ್ಲಿ ಮಾಸ್ತರು ಕೇಳಿದರು: "ತಮ್ಮಾ, ನಿಮ್ಮಪ್ಪಾರು ಬಂದಿದ್ರಲ್ಲ, ಯಾಕ ಲಗೂ ಹೋದ್ರು?"

ನನಗೆ ಉತ್ತರ ಹೊಳೆಯಲಿಲ್ಲ. 2019ರಲ್ಲಿ ಅಪ್ಪ ಆರು ತಿಂಗಳಿಗೆಂದು ಬಂದವರು ಎರಡೇ ತಿಂಗಳಿಗೆ ದಾವಣಗೆರೆಗೆ ಮರಳಿದರು. ನಾವಿಬ್ಬರೂ ಆಫೀಸಿಗೆ, ಮಕ್ಕಳು ಸ್ಕೂಲಿಗೆ, ಅಪ್ಪ ಕಿಟಕಿಗೆ. ಬೀದಿಯಲ್ಲಿ ಎಷ್ಟು ಕಾರು ಹೋದವೆಂದು ಎಣಿಸಿ ಸಂಜೆ ನನಗೆ ಲೆಕ್ಕ ಒಪ್ಪಿಸುತ್ತಿದ್ದರು. ತಮಾಷೆ ಅಂದುಕೊಂಡು ನಕ್ಕಿದ್ದೆ. ನಲವತ್ತು ವರ್ಷ ಸಹಕಾರಿ ಬ್ಯಾಂಕಿನಲ್ಲಿ ದುಡಿದ ಮನುಷ್ಯನಿಗೆ ಬೇರೆ ಯಾವ ಕೆಲಸವನ್ನೂ ನಾನು ಕೊಟ್ಟಿರಲಿಲ್ಲ. ತಪ್ಪನ್ನೆಲ್ಲ ಅಮೆರಿಕದ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ.

"ವಯಸ್ಸಾದವರಿಗೆ ಊಟ ಹಾಕಿದ್ರ ಸಾಲೂದಿಲ್ಲ. ಕೆಲಸಕ್ಕೂ ಕರೀಬೇಕು" ಅಂದರು ಮಾಸ್ತರು.

ಮನೆ ಮುಟ್ಟಿದ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ. ಈಗ 76. ಸೆಪ್ಟೆಂಬರಿಗೆ ಬಾ ಅಂದರೆ ಸುಮ್ಮನಿದ್ದರು. ಹಿತ್ತಲು ಖಾಲಿ ಬಿದ್ದಿದೆ, ನೀನೇ ನೋಡ್ಕೋಬೇಕು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಅಲ್ಲಿ ಮಣ್ಣು ಎಂಥದಪ್ಪ?"

ಗೆಳೆಯರೇ, ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವ ಮೊದಲು ಹತ್ತಿರದ ಫುಡ್ ಬ್ಯಾಂಕ್, ಕನ್ನಡ ಸಂಘದ ತರಗತಿ, ಡಾರ್ಟ್ ರೈಲಿನಲ್ಲಿ ಹಿರಿಯರಿಗಿರುವ ರಿಯಾಯಿತಿ ಎಲ್ಲ ವಿಚಾರಿಸಿಡಿ. ಮಾಸ್ತರ ಮನೆಯಿಂದ ಹೀರೆ ಬೀಜ ಬೇಕಾದವರು ನನ್ನನ್ನು ಕೇಳಿ.