ಖಂಡೋಬನ ಸೀಮೆಯಲ್ಲಿ ನಾಯಿಗೊಂದು ಬುತ್ತಿ

ಪುಣೆ ನೋಡಲು ಬಂದ ನೆಂಟರಿಗೆ ನಾವು ತೋರಿಸುವ ಜಾಗಗಳು ನಿಮಗೆಲ್ಲ ಗೊತ್ತೇ ಇವೆ. ಶನಿವಾರವಾಡಾ, ಪರ್ವತಿ, ಆಗಾಖಾನ್ ಅರಮನೆ, ಬಿಡುವಿದ್ದರೆ ಸಿಂಹಗಡ. ಸಂಜೆ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯಲ್ಲಿ ದೋಸೆ ತಿನ್ನಿಸಿ, ಈ ಹೋಟೆಲನ್ನು ಬೆಳೆಸಿದವರು ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಎಂಬ ಮಾತನ್ನೂ ಸೇರಿಸುತ್ತೇವೆ. ಈ ಸಲ ನಿಮ್ಮನ್ನು ಬೇರೊಂದು ದಾರಿಯಲ್ಲಿ ಕರೆದೊಯ್ಯುವ ಮನಸ್ಸಾಗಿದೆ. ಇದು ನಾಯಿಯ ಹೊಟ್ಟೆಯ ಚಿಂತೆ ಹಿಡಿದು ಊರು ಸುತ್ತಿದ ಪ್ರವಾಸ. ಕ್ಯಾಂಪಿನ ಮಾಂಸದ ಮಾರುಕಟ್ಟೆಯಲ್ಲಿ ಆರಂಭವಾಗಿ ಜೇಜುರಿಯ ಗುಡ್ಡದವರೆಗೆ ಹೋಗುತ್ತದೆ.

ಇದಕ್ಕೆ ಕಾರಣಳಾದವಳು ನನ್ನ ಅಣ್ಣನ ಮಗಳು. ಹುಟ್ಟಿ ಬೆಳೆದದ್ದು ಇಲ್ಲೇ, ಹಿಂಜವಡಿಯಲ್ಲಿ ಮೊದಲನೆಯ ನೌಕರಿ. ಮಳೆಗಾಲದಲ್ಲಿ ಗೇಟಿನ ಬಳಿ ಸಿಕ್ಕ ಮರಿಯೊಂದನ್ನು ಮನೆಗೆ ತಂದು ಭೈರೂ ಎಂದು ಹೆಸರಿಟ್ಟಳು. ಮರಿ ಬೆಳೆದು 20 ಕಿಲೋ ತೂಗುವ ನಾಯಿಯಾಯಿತು. ಚೀಲದಲ್ಲಿ ಬರುವ ಸಿದ್ಧ ಆಹಾರದ ಖರ್ಚು ಅವಳ ಸಂಬಳಕ್ಕೆ ಭಾರವಾಗತೊಡಗಿತು. ಆಗ ಗೆಳತಿಯೊಬ್ಬಳು ಹಸಿ ಮಾಂಸದ ಪದ್ಧತಿಯನ್ನು ಹೇಳಿಕೊಟ್ಟಳಂತೆ. ನಾಯಿ ತೋಳದ ಕುಲದ್ದು, ಬೇಯಿಸದ ಮಾಂಸ ಮತ್ತು ಮೂಳೆಯೇ ಅದರ ಸಹಜ ಆಹಾರ ಎಂಬ ವಾದ ಅದು. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ಬರೆದ ಪುಸ್ತಕದಿಂದ ಈ ವಾದ ಜಗತ್ತಿನ ತುಂಬ ಹರಡಿತು.

ಮನೆಯಲ್ಲಿ ಅಜ್ಜಿ, ಎಂದರೆ ನನ್ನ ತಾಯಿ, ಇದ್ದಾರೆ. ಧಾರವಾಡದ ಕಡೆಯ ಮಡಿ-ಮೈಲಿಗೆಯ ಮನೆತನ. ಮಾತು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಯಿಗೆ ಬ್ಯಾಡ ಅನ್ನೂದಿಲ್ಲವಾ ನಾನು. ಅದರ ಹೊಟ್ಟಿ ಅದರದು. ಆದರ ನನ್ನ ಅಡಗಿ ಮನ್ಯಾಗ ತರಬ್ಯಾಡ" ಎಂದರು. ಹಿಂದಿನ ಬಾಲ್ಕನಿಯಲ್ಲಿ ಹಳೆಯದೊಂದು ಸಣ್ಣ ಫ್ರಿಜ್ಜು, ಬೇರೆ ಚಾಕು, ಬೇರೆ ಮಣೆ, ಬೇರೆ ಪಾತ್ರೆ ಎಂದು ತೀರ್ಮಾನವಾಯಿತು. ಮಡಿಗಾಗಿ ಅಜ್ಜಿ ಹಾಕಿದ ಈ ಷರತ್ತನ್ನೇ ವೈದ್ಯರು ಆರೋಗ್ಯಕ್ಕಾಗಿ ಹಾಕುತ್ತಾರೆಂಬುದು ನಮಗೆ ಆಮೇಲೆ ತಿಳಿಯಿತು.

ಮೊದಲು ಲೆಕ್ಕ ನೋಡೋಣ. ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ಶೇಕಡಾ 2ರಿಂದ 3ರಷ್ಟು ಹಸಿ ಆಹಾರ ಬೇಕೆಂಬುದು ಈ ಪದ್ಧತಿಯವರ ಸೂತ್ರ. 20 ಕಿಲೋ ನಾಯಿಗೆ ಸುಮಾರು 500 ಗ್ರಾಂ, ತಿಂಗಳಿಗೆ 15 ಕಿಲೋ. ಅದರಲ್ಲಿ ನೂರಕ್ಕೆ 80 ಪಾಲು ಮಾಂಸ, 10 ಪಾಲು ಮೂಳೆ, 5 ಪಾಲು ಕಲೇಜಿ, 5 ಪಾಲು ಮೂತ್ರಪಿಂಡದಂತಹ ಬೇರೆ ಅಂಗಗಳು. ಎಂದರೆ ತಿಂಗಳಿಗೆ 12 ಕಿಲೋ ಮಾಂಸ, ಒಂದೂವರೆ ಕಿಲೋ ಮೂಳೆ, ಕಲೇಜಿ ಮುಕ್ಕಾಲು ಕಿಲೋ, ಉಳಿದ ಅಂಗಗಳು ಮುಕ್ಕಾಲು ಕಿಲೋ. ಇಷ್ಟನ್ನೂ ನಾವು ಮನುಷ್ಯರು ಕೊಳ್ಳುವ ತುಂಡುಗಳಲ್ಲೇ ಕೊಂಡರೆ ಚೀಲದ ಆಹಾರವೇ ಅಗ್ಗವೆನಿಸುತ್ತದೆ. ಮನುಷ್ಯರು ಬೇಡವೆಂದು ಬಿಡುವ ಭಾಗಗಳನ್ನು ಬಲ್ಲವರಿಗೆ ಮಾತ್ರ ಈ ಪದ್ಧತಿ ಕೈಗೆಟುಕುತ್ತದೆ. ಆ ಭಾಗಗಳನ್ನು ಕಲಿಯಲು ಮಾರುಕಟ್ಟೆಗೇ ಹೋಗಬೇಕು.

ಲಕ್ಷ್ಮೀ ರಸ್ತೆಯಿಂದ ಪೂರ್ವಕ್ಕೆ ಸಾಗಿದರೆ ಪೇಶ್ವೆಯವರ ಪೇಟೆಗಳು ಮುಗಿದು ಇಂಗ್ಲಿಷರ ದಂಡಿನ ಊರು ಶುರುವಾಗುತ್ತದೆ. ಅದೇ ಕ್ಯಾಂಪ್. ಕಯಾನಿ ಬೇಕರಿಯ ಬಿಸ್ಕತ್ತಿಗಾಗಿ ನೀವೆಲ್ಲ ಅಲ್ಲಿಗೆ ಹೋಗಿಯೇ ಇರುತ್ತೀರಿ. ಅಲ್ಲಿಂದ ದೂರವಿಲ್ಲದ ಕಲ್ಲಿನ ಕಟ್ಟಡವೇ ಶಿವಾಜಿ ಮಾರ್ಕೆಟ್; ಬ್ರಿಟಿಷರ ಕಾಲದಲ್ಲಿ ಅದರ ಹೆಸರು ಕನಾಟ್ ಮಾರ್ಕೆಟ್. 2021ರ ಮಾರ್ಚ್‌ನಲ್ಲಿ ಬೆಂಕಿ ಬಿದ್ದು ಅಲ್ಲಿಯ ಹಲವು ಅಂಗಡಿಗಳು ಸುಟ್ಟುಹೋದವು. ಸಸ್ಯಾಹಾರಿಯಾದ ನಾನು ಅಲ್ಲಿಗೆ ಹೋದದ್ದು ದಾರಿ ತೋರಿಸಲಿಕ್ಕಲ್ಲ, ಚೀಲ ಹಿಡಿಯಲಿಕ್ಕೆ. ಒದ್ದೆ ನೆಲ, ಕತ್ತಿಯ ಸದ್ದು, ಮೀನಿನ ವಾಸನೆ. ಮರಾಠಿ, ದಖನಿ ಉರ್ದು, ನಡುವೆ ಎಲ್ಲಿಂದಲೋ ಒಂದು ಕಲಬುರ್ಗಿಯ ಕನ್ನಡ.

ಅಲ್ಲಿ ಮೊದಲ ಪಾಠ ಭಾಷೆಯದು. "ಕುತ್ರ್ಯಾಸಾಠೀ", ನಾಯಿಗಾಗಿ, ಎಂದು ಕೇಳಿದರೆ ಸಾಮಾನ್ಯವಾಗಿ ಚರ್ಮ, ಕೊಬ್ಬು, ಕರುಳು ಎಲ್ಲ ಕೂಡಿದ ರಾಶಿಯೇ ಸಿಗುತ್ತದೆ. ಅದು ಅಗ್ಗ, ಆದರೆ ಅದರಲ್ಲಿ ಏನು ಎಷ್ಟಿದೆ ಎಂದು ಹೇಳಲಾಗದು. ಹೆಸರು ಹಿಡಿದು ಕೇಳಬೇಕು. ಕೋಳಿಯ ಮಾನ ಎಂದರೆ ಕುತ್ತಿಗೆ. ಪಂಜಾ ಎಂದರೆ ಪಾದ. ಪೋಟಾ-ಕಲೇಜಿ ಎಂದರೆ ಕಲ್ಲುಹೊಟ್ಟೆ ಮತ್ತು ಯಕೃತ್ತು. ದಿಲ್ ಎಂದರೆ ಗುಂಡಿಗೆ, ಗುರ್ದಾ ಎಂದರೆ ಮೂತ್ರಪಿಂಡ. ಕುತ್ತಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮೂಳೆ, ಪಾದದಲ್ಲಿ ಅರ್ಧಕ್ಕಿಂತ ಹೆಚ್ಚು. ನಾಲ್ಕೂವರೆ ಕಿಲೋ ಕುತ್ತಿಗೆ ತಂದರೆ ತಿಂಗಳ ಮೂಳೆಯ ಲೆಕ್ಕ ಮುಗಿದು, ಮೇಲೆ 3 ಕಿಲೋ ಮಾಂಸವೂ ಸಿಕ್ಕಿತು. ಗುಂಡಿಗೆ ಮತ್ತು ಕಲ್ಲುಹೊಟ್ಟೆ ಅಂಗಗಳಾದರೂ ಸ್ನಾಯುವೇ ಆದ್ದರಿಂದ ಅವು ಮಾಂಸದ ಲೆಕ್ಕಕ್ಕೆ ಸೇರುತ್ತವೆ. ಕಲೇಜಿ ಮಾತ್ರ ಅಗ್ಗವಾಗಿದೆಯೆಂದು ಹೆಚ್ಚು ಹಾಕುವಂತಿಲ್ಲ. ಅದರಲ್ಲಿ ಎ ಜೀವಸತ್ವ ಬಹಳ, ಅತಿಯಾದರೆ ನಾಯಿಗೆ ವಿಷವೇ. ಮಹಾರಾಷ್ಟ್ರದಲ್ಲಿ 2015ರ ಕಾಯಿದೆಯ ನಂತರ ಹೋರಿ, ಎತ್ತುಗಳ ವಧೆಯೂ ನಿಷಿದ್ಧ. ಎಮ್ಮೆ ಕೋಣಗಳಿಗೆ ಆ ನಿಷೇಧವಿಲ್ಲ. ಹಸಿ ಆಹಾರ ಹಾಕುವ ಹಲವರು ಕೊಳ್ಳುವುದು ಆ ಮಾಂಸದ ಸಣ್ಣಪುಟ್ಟ ತುಂಡುಗಳನ್ನೇ.

ಎರಡನೆಯ ಪಾಠ ಪಂಚಾಂಗದ್ದು. ನಮ್ಮಲ್ಲಿ ನಾಗರ ಅಮಾವಾಸ್ಯೆ, ಭೀಮನ ಅಮಾವಾಸ್ಯೆ ಎನ್ನುವ ದಿನವನ್ನು ಇಲ್ಲಿಯ ಜನ ಗಟಾರಿ ಎನ್ನುತ್ತಾರೆ. ಶ್ರಾವಣ ಹಿಡಿಯುವ ಮೊದಲು ಮಾಂಸಾಹಾರಿಗಳ ಕೊನೆಯ ಹಬ್ಬ ಅದು. ಅಂದು ಕೋಳಿ ಅಂಗಡಿಯ ಮುಂದೆ ಸರದಿ ನಿಂತಿರುತ್ತದೆ. ಶ್ರಾವಣ ಬಂತೆಂದರೆ ಗಿರಾಕಿಗಳಿಲ್ಲ, ದರ ಇಳಿಯುತ್ತದೆ. ಭೈರೂನ ಬುತ್ತಿಗೆ ಪರ್ವಕಾಲ ಅದೇ. ಅಜ್ಜಿ ಶ್ರಾವಣ ಸೋಮವಾರದ ಉಪವಾಸದಲ್ಲಿರುವಾಗ ಹಿಂದಿನ ಬಾಲ್ಕನಿಯ ಫ್ರಿಜ್ಜು ತುಂಬುತ್ತದೆ! ಪುಣೆ ಕೋಳಿ ಉದ್ಯಮದ ದೊಡ್ಡ ಕೇಂದ್ರವೆಂಬುದನ್ನೂ ನೆನಪಿಡಿ. ವೆಂಕಟೇಶ್ವರ ಹ್ಯಾಚರೀಸ್‌ನ ಮುಖ್ಯ ಕಚೇರಿ ಇರುವುದು ಇದೇ ಊರಿನಲ್ಲಿ. ಮೊಟ್ಟೆಯಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ಒಳ್ಳೆಯ ಪೋಷಣೆ ಕೊಡುವ ವಸ್ತು ಮಾರುಕಟ್ಟೆಯಲ್ಲಿ ಇನ್ನೊಂದು ಸಿಗುವುದು ಕಷ್ಟ. ಕರಾವಳಿಯವರಾದ ನಿಮಗೆ ಭೂತಾಯಿ ಮೀನಿನ ಗುಣ ಹೇಳಬೇಕಾಗಿಲ್ಲ. ಇಲ್ಲಿ ಅದಕ್ಕೆ ತಾರ್ಲಿ ಎನ್ನುತ್ತಾರೆ. ವಾರಕ್ಕೊಮ್ಮೆ ಒಂದೆರಡು ಸಾಕು. ಉಪ್ಪು ಹಾಕಿ ಒಣಗಿಸಿದ ಮೀನು ಬೇಡ.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಮಾತನ್ನಷ್ಟೇ ಹೇಳಿದಂತಾಗುತ್ತದೆ. ಅಗ್ಗದ ಆಹಾರದ ನಿಜವಾದ ಬೆಲೆ ಮುಂದೆ ಇದೆ.

ಕುರಿ, ಆಡುಗಳ ಶ್ವಾಸಕೋಶ ಮತ್ತು ಯಕೃತ್ತಿನಲ್ಲಿ ಒಮ್ಮೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ಅವು ಒಂದು ಜಾತಿಯ ಲಾಡಿಹುಳುವಿನ ಮರಿಗಳ ಮನೆ. ನಾಯಿ ಅದನ್ನು ಹಸಿಯಾಗಿ ತಿಂದರೆ ಹುಳು ಅದರ ಕರುಳಿನಲ್ಲಿ ಬೆಳೆಯುತ್ತದೆ, ಮೊಟ್ಟೆಗಳು ಮಲದಲ್ಲಿ ಹೊರಬೀಳುತ್ತವೆ. ಅವು ಕೈಯಿಂದ ಬಾಯಿಗೆ ಹೋದರೆ ಮನುಷ್ಯನ ಯಕೃತ್ತು, ಶ್ವಾಸಕೋಶಗಳಲ್ಲಿ ವರ್ಷಾನುಗಟ್ಟಲೆ ಸದ್ದಿಲ್ಲದೆ ಗುಳ್ಳೆ ಬೆಳೆಯುತ್ತದೆ. ಎಷ್ಟೋ ಸಲ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ. ಇದಕ್ಕೆ ಹೈಡಾಟಿಡ್ ರೋಗ ಎನ್ನುತ್ತಾರೆ. ನಾಯಿಯ ಮೈಯಲ್ಲಿ ಯಾವ ಲಕ್ಷಣವೂ ಕಾಣದೆ ಇರಬಹುದು, ನರಳುವುದು ಮನೆಯವರು. ಆದ್ದರಿಂದ ಕುರಿ-ಆಡಿನ ಒಳಅಂಗಗಳನ್ನು ಚೆನ್ನಾಗಿ ಕುದಿಸಿಯೇ ಹಾಕಬೇಕು, ಗುಳ್ಳೆ ಕಂಡದ್ದನ್ನು ತರಲೇಬಾರದು. ವೈದ್ಯರು ಹೇಳಿದ ಕಾಲಕ್ಕೆ ಜಂತುಹುಳುವಿನ ಔಷಧ ತಪ್ಪಬಾರದು.

ಸಾಲ್ಮೊನೆಲ್ಲಾದಂತಹ ರೋಗಾಣುಗಳು ಫ್ರೀಜರಿನ ಚಳಿಗೆ ಸಾಯುವುದಿಲ್ಲ, ಮಲಗಿರುತ್ತವೆ ಅಷ್ಟೆ. ಮನೆಯಲ್ಲಿ ಹಸುಗೂಸು, ಗರ್ಭಿಣಿ, ವಯಸ್ಸಾದವರು ಇದ್ದರೆ ಬೇಯಿಸಿ ಹಾಕುವುದೇ ಲೇಸು. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸ ಬೇಡವೆಂಬ ನಿಲುವು ತಳೆದಿದೆ. ಹಕ್ಕಿಜ್ವರದ ಸುದ್ದಿ ಬಂದಾಗಲಂತೂ ಹಸಿ ಕೋಳಿ ಪೂರ್ತಿ ಬಂದ್ ಮಾಡಬೇಕು. ದೂರದ ಉದಾಹರಣೆ ಬೇಡ. ನಾಗಪುರದ ಗೋರೆವಾಡಾ ರಕ್ಷಣಾ ಕೇಂದ್ರದಲ್ಲಿ 2024ರ ಡಿಸೆಂಬರಿನಲ್ಲಿ ಮೂರು ಹುಲಿ, ಒಂದು ಚಿರತೆ ಆ ಜ್ವರದಿಂದಲೇ ಸತ್ತವು. ಬೇಯಿಸಿದ ಮೂಳೆಯನ್ನು ಮಾತ್ರ ಎಂದೂ ಹಾಕಬೇಡಿ. ಅದು ಸೀಳಿ ಸೂಜಿಯಂತಾಗಿ ಕರುಳನ್ನು ಚುಚ್ಚುತ್ತದೆ.

ಹಾಗಾದರೆ ನಾಯಿ ಮಾಂಸವನ್ನೇ ತಿಂದು ಬದುಕಬೇಕೇ? ಇದಕ್ಕೆ ಉತ್ತರ ನಮ್ಮ ಕನ್ನಡ ನಾಡಿನಲ್ಲೇ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯ ಹೆಸರು ಕೇಳಿದ್ದೀರಲ್ಲ? ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಉಳಿಸಿ ಬೆಳೆಸಿದ ತಳಿ. ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನಿ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮೊಲದ ಬೆನ್ನಟ್ಟುವ ಈ ಓಟಗಾರ ನಮ್ಮ ರೈತರ ಮನೆಯಲ್ಲಿ ಬೆಳೆದದ್ದು ಬಹುಪಾಲು ಜೋಳದ ಹಿಟ್ಟಿನ ಅಂಬಲಿ, ರೊಟ್ಟಿ, ಹಾಲಿನ ಮೇಲೆ. ಮಾಂಸ ಸಿಕ್ಕರೆ ಸಿಕ್ಕಿತು. ವಿಜ್ಞಾನವೂ ಇದಕ್ಕೆ ಒತ್ತುಕೊಡುತ್ತದೆ. 2013ರಲ್ಲಿ ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು ತೋರಿಸಿದಂತೆ, ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೂ ಇವೆ. ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷ ಕೂತು ನಾಯಿ ನಮ್ಮ ರೊಟ್ಟಿಯನ್ನು ಅರಗಿಸಿಕೊಳ್ಳಲು ಕಲಿತಿದೆ.

ಹೀಗೆ ಭೈರೂನ ಬಟ್ಟಲು ಎರಡು ಭಾಗವಾಯಿತು. ಬೆಳಿಗ್ಗೆ ಅಜ್ಜಿಯ ಕೈಯಿಂದ ಜೋಳದ ನುಚ್ಚು, ಬೇಯಿಸಿದ ಸಿಹಿಗುಂಬಳ, ಮೊಸರು. ಸಂಜೆ ಬಾಲ್ಕನಿಯಲ್ಲಿ ಕೋಳಿಯ ಕುತ್ತಿಗೆ, ಗುಂಡಿಗೆ, ಅಳತೆಯ ಕಲೇಜಿ. 15 ಕಿಲೋ ಮಾಂಸದ ಜಾಗದಲ್ಲಿ ತಿಂಗಳಿಗೆ ಏಳೆಂಟು ಕಿಲೋ ಸಾಕಾಯಿತು. ಪಶುವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದದ್ದಾಯಿತು. ಬೆಳೆಯುವ ಮರಿಗಳಿಗೆ ಸುಣ್ಣದ ಅಂಶದ ಅಳತೆ ಬಹಳ ಸೂಕ್ಷ್ಮವಾದ್ದರಿಂದ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಹಾಕುವ ಸಾರು-ಅನ್ನದ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿಯ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೇಡು. ದ್ರಾಕ್ಷಿ, ಚಾಕಲೇಟು ಸಹ ಬೇಡ.

ಈಗ ಊರು ಬಿಟ್ಟು ಸ್ವಲ್ಪ ಹೊರಗೆ ಹೋಗೋಣ. ಹಡಪಸರ ದಾಟಿ, ದಿವೆ ಘಾಟ ಹತ್ತಿ, ಸಾಸವಡದ ಮೇಲಿಂದ ಸುಮಾರು 50 ಕಿಲೋಮೀಟರು ಹೋದರೆ ಜೇಜುರಿ. ಭಂಡಾರದ ಅರಿಶಿನದಿಂದ ಮೆಟ್ಟಿಲುಗಳೇ ಹಳದಿಯಾದ ಗುಡ್ಡ. ಅಲ್ಲಿಯ ಖಂಡೋಬನೇ ನಮ್ಮ ಮೈಲಾರಲಿಂಗ. ಪುಣೆಯಲ್ಲಿ ಬಾಳಿದ ವಿದ್ವಾಂಸ ರಾ. ಚಿಂ. ಢೇರೆಯವರೂ, ಜರ್ಮನಿಯ ವಿದ್ವಾಂಸ ಸೊಂಥೈಮರರೂ ಈ ದೇವರ ಕರ್ನಾಟಕದ ನಂಟನ್ನು ವಿವರವಾಗಿ ಬರೆದಿದ್ದಾರೆ. ಈ ದೇವರ ಸಂಗಾತಿ ನಾಯಿ. ಇಲ್ಲಿಯ ವಾಘ್ಯಾ ಭಕ್ತರು ನಮ್ಮಲ್ಲಿ ವಗ್ಗಯ್ಯ, ಗೊರವಯ್ಯರಾಗುತ್ತಾರೆ. ಹೂವಿನಹಡಗಲಿ ಸೀಮೆಯ ಮೈಲಾರದಲ್ಲಿ ಭಕ್ತರು ದೋಣಿಯೆಂಬ ಪಾತ್ರೆಗಳಲ್ಲಿ ಹಾಲು, ತುಪ್ಪ, ಬಾಳೆಹಣ್ಣು ತುಂಬಿಡುತ್ತಾರೆ. ಗೊರವರು ದೇವರ ನಾಯಿಗಳಾಗಿ ಬೊಗಳುತ್ತ ಅದನ್ನು ತಿನ್ನುತ್ತಾರೆ. ಮಾರ್ಗಶಿರದ ಚಂಪಾಷಷ್ಠಿಯಂದು ಖಂಡೋಬನಿಗೆ ಇಲ್ಲಿ ಭಾಕರಿ ಮತ್ತು ಬದನೆಯ ಭರೀತದ ನೈವೇದ್ಯ. ಅನೇಕ ಮನೆಗಳಲ್ಲಿ ಅದರ ಪಾಲು ನಾಯಿಗೂ ಸಲ್ಲುತ್ತದೆ.

ಜೇಜುರಿಯ ಮೆಟ್ಟಿಲ ಮೇಲೆ ಮಲಗಿದ ನಾಯಿಗಳನ್ನು ಯಾರೂ ಕಾಲಿನಿಂದ ತಳ್ಳದೆ ಸುತ್ತಿ ಹೋಗುವುದನ್ನು ನಾನು ನೋಡಿದ್ದೇನೆ. ನಾಯಿಗೆ ಉಳಿದದ್ದನ್ನು ಎಸೆಯುವುದು ಒಂದು ರೀತಿ, ಅದರ ಪಾಲನ್ನು ಎತ್ತಿಡುವುದು ಇನ್ನೊಂದು ರೀತಿ. ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅಳತೆ ಮತ್ತು ಗಮನದಲ್ಲಿ. ಕಡಿಮೆ ಸಂಬಳದಲ್ಲೂ ನಾಯಿಯನ್ನು ಚೆನ್ನಾಗಿ ಸಾಕಬಹುದು. ಅಂಗಡಿಯಲ್ಲಿ ಹೆಸರು ಹಿಡಿದು ಕೇಳಲು ಕಲಿಯಿರಿ, ತಕ್ಕಡಿ ಇಟ್ಟುಕೊಳ್ಳಿ, ಕೈ ತೊಳೆಯಿರಿ, ಜಂತುಹುಳುವಿನ ಔಷಧಕ್ಕೆ ಮತ್ತು ವೈದ್ಯರ ಫೀಜಿಗೆ ಎತ್ತಿಟ್ಟ ಹಣದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಇಷ್ಟು ಮಾಡಿದ ಮೇಲೆ ಬಟ್ಟಲಿನಲ್ಲಿ ಹಸಿ ಮಾಂಸವಿದೆಯೋ ಜೋಳದ ನುಚ್ಚಿದೆಯೋ ಎಂಬ ವಾದವನ್ನು ಸಾವಕಾಶವಾಗಿ ಮಾಡಬಹುದು. ಮುಂದಿನ ಚಂಪಾಷಷ್ಠಿಗೆ ಜೇಜುರಿಗೆ ಹೋಗುವವರು ಒಂದು ಭಾಕರಿ ಹೆಚ್ಚಿಗೆ ಕಟ್ಟಿಕೊಂಡು ಹೋಗಿರಿ.